ಚೀಟಿ ಬರೆದು ಕಳಿಸಿದರೆ ಮುಗಿಯಿತಾ?

ನಮ್ಮ ಕಡೆ ಚಟ ಬಿಡಿಸೋದು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಕುಡಿತ. ಮದ್ಯವರ್ಜನ ಶಿಬಿರ, ಒಳಗೆ ಸಾಲಾಗಿ ಕೂತ ಗಂಡಸರು, ಹೊರಗೆ ಕಾಯುವ ಹೆಂಡತಿಯರು. ಎಚ್‌ಐವಿ ಅಂದರೆ ನೆನಪಾಗುವುದು ಹೆದ್ದಾರಿ, ಲಾರಿ, ಬಸ್‌ಸ್ಟ್ಯಾಂಡಿನ ಗೋಡೆ ಮೇಲಿನ ಕೆಂಪು ರಿಬ್ಬನ್ನಿನ ಚಿತ್ರ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ನಾವು ಬೆಳೆದುಬಿಟ್ಟಿದ್ದೇವೆ. ಆಸ್ಪತ್ರೆಗಳನ್ನೂ ಹಾಗೇ ಕಟ್ಟಿದ್ದೇವೆ. ಮನೋವೈದ್ಯ ವಿಭಾಗ ಒಂದು ಮೂಲೆಯಲ್ಲಿ, ಎಚ್‌ಐವಿ ಪರೀಕ್ಷೆ ಮಾಡುವ ಐಸಿಟಿಸಿ ಇನ್ನೊಂದು ಮೂಲೆಯಲ್ಲಿ, ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರ ಮತ್ತೆಲ್ಲೋ.

ಆದರೆ ಸೂಜಿಯಲ್ಲಿ ಡ್ರಗ್ಸ್ ತಗೊಳ್ಳುವವರ ದೇಹದಲ್ಲಿ ಇವು ಬೇರೆ ಬೇರೆ ಅಲ್ಲ. ಹೆರಾಯಿನ್ ಆಗಲಿ, ಮೆಡಿಕಲ್ ಶಾಪಿನಿಂದ ಹೇಗೋ ಸಿಗುವ ಟಪೆಂಟಡಾಲ್‌ನಂಥ ನೋವಿನ ಮಾತ್ರೆ ಆಗಲಿ, ಇಂಥ ಓಪಿಯಾಯ್ಡ್ (ಅಫೀಮಿನ ಜಾತಿಯ ಮಾದಕ) ಚಟ ಒಂದು ಸಲ ಸೂಜಿಗೆ ಇಳಿದರೆ ಎಚ್‌ಐವಿ, ಲಿವರ್ ಹಾಳುಮಾಡುವ ಹೆಪಟೈಟಿಸ್ ಸಿ, ಹೆಪಟೈಟಿಸ್ ಬಿ ಮೂರೂ ಬಾಗಿಲಲ್ಲೇ ನಿಂತಿರುತ್ತವೆ. ನಾನು ಬೆಂಗಳೂರಿನಲ್ಲಿ ಚಟ ಬಿಡಿಸುವ ವಾರ್ಡಿನಲ್ಲಿ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಇವತ್ತು ಬರೆಯಬೇಕು ಅಂದುಕೊಂಡದ್ದು ಒಂದೇ ವಿಷಯ. ಚಟದ ಚಿಕಿತ್ಸೆ ಎಲ್ಲಿ ಕೊಡುತ್ತೇವೋ ಎಚ್‌ಐವಿ ತಡೆಯುವ ಕೆಲಸವೂ ಅಲ್ಲೇ, ಅದೇ ದಿನ, ಅದೇ ಜನರಿಂದ ಆಗಬೇಕು. ಚೀಟಿ ಬರೆದು ಬೇರೆ ಕಟ್ಟಡಕ್ಕೆ ಕಳಿಸುವುದು ಚಿಕಿತ್ಸೆ ಅಲ್ಲ.

ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ತುಂಬು ತೋಳಿನ ಶರ್ಟು, ಬೇಸಿಗೆಯಲ್ಲೂ ಗುಂಡಿ ಹಾಕಿದ್ದ. ಮೂಗು ಸೋರುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಲೇ ಇದ್ದ. ಕೊನೆಯ ಡೋಸು ತಗೊಂಡು ಅರ್ಧ ದಿನ ದಾಟಿತ್ತು ಅಂತ ಕೇಳದೆಯೇ ಗೊತ್ತಾಗುತ್ತಿತ್ತು. ಅಮ್ಮ ಜೊತೆಗೆ ಬಂದಿದ್ದರು. ಅವರನ್ನು ಸ್ವಲ್ಪ ಹೊರಗೆ ಕೂರಿಸಿ ಕೇಳಿದಾಗ ಹೇಳಿದ, "ನಾಲ್ಕು ಜನ ಇರ್ತೀವಿ ಮೇಡಂ. ಸಿರಿಂಜು ಒಂದೊಂದು ಸಲ ಎರಡೇ ಇರುತ್ತೆ. ನೀರಲ್ಲಿ ತೊಳೀತೀವಿ."

ನೀರಲ್ಲಿ ತೊಳೆದರೆ ಸಾಲದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಸೂಜಿ ಬೇರೆ ಇದ್ದರೂ, ಮಾತ್ರೆ ಕಲಸುವ ಪಾತ್ರೆ, ಸೋಸುವ ಹತ್ತಿ, ತೊಳೆಯುವ ನೀರು ಒಂದೇ ಆದರೆ ಹೆಪಟೈಟಿಸ್ ಸಿ ಆರಾಮಾಗಿ ಹರಡುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಪರೀಕ್ಷೆ ಮಾಡಿಸೋಣ ಅಂದೆ. ಸರಿ ಅಂದ. ಮನಸ್ಸಿನಿಂದಲೇ ಒಪ್ಪಿದ. ಆದರೆ ನಮ್ಮ ವಾರ್ಡಿನಲ್ಲಿ ಎಚ್‌ಐವಿ ಪರೀಕ್ಷೆ ಮಾಡುವ ವ್ಯವಸ್ಥೆ ಇರಲಿಲ್ಲ. ಚೀಟಿ ಬರೆದು ಇನ್ನೊಂದು ಬ್ಲಾಕಿಗೆ ಕಳಿಸಬೇಕು. ಅಲ್ಲಿ ನೋಂದಣಿ, ಸಾಲು, ಊಟದ ವಿರಾಮ. ರಕ್ತ ತೆಗೆಯುವ ಹೊತ್ತಿಗೆ ಅವನ ತೋಳಿನಲ್ಲಿ ನರ ಸಿಗಲಿಲ್ಲವಂತೆ. ಚುಚ್ಚಿ ಚುಚ್ಚಿ ಗಟ್ಟಿಯಾದ ನರ ಅವು. ಅಲ್ಲಿದ್ದ ಒಬ್ಬರು ತೋಳು ನೋಡಿ ಎಲ್ಲರ ಮುಂದೆ ಏನೋ ಅಂದರಂತೆ. ಮಧ್ಯಾಹ್ನದ ಹೊತ್ತಿಗೆ ಅಮ್ಮ ಒಬ್ಬರೇ ವಾಪಸ್ ಬಂದು, "ಅವನು ಹೊರಟೋದ ಮೇಡಂ, ಫೋನು ತೆಗೀತಿಲ್ಲ" ಅಂದರು. ಕೈಯಲ್ಲಿ ಆ ಚೀಟಿ ಹಾಗೇ ಇತ್ತು.

ಯಾರೋ ಒಬ್ಬರು ಕೆಟ್ಟವರಾಗಿದ್ದಕ್ಕೆ ಇದು ಆಯಿತು ಅಂತ ನಾನು ಹೇಳುತ್ತಿಲ್ಲ. ವಿತ್‌ಡ್ರಾವಲ್‌ನಲ್ಲಿರುವ, ಅಂದರೆ ಡ್ರಗ್ಸ್ ಸಿಗದೆ ಮೈ ಒದ್ದಾಡುತ್ತಿರುವ ಮನುಷ್ಯನಿಗೆ ಸಾಲಿನಲ್ಲಿ ನಿಲ್ಲುವುದು ಅಂದರೆ ಏನು ಅಂತ ಆ ವ್ಯವಸ್ಥೆ ಕಟ್ಟಿದವರು ಯೋಚಿಸಿರಲಿಲ್ಲ, ಅಷ್ಟೇ. ಮೈಕೈ ಮುರಿಯುವ ನೋವು, ಭೇದಿ, ಚಳಿ, ಒಳಗಿಂದ ಕಿತ್ತುಕೊಂಡು ಬರುವ ಚಡಪಡಿಕೆ. ಇದಕ್ಕೆಲ್ಲ ಹತ್ತು ನಿಮಿಷದಲ್ಲಿ ಪರಿಹಾರ ಹೊರಗೆ ಇದೆ ಅಂತ ಅವನಿಗೆ ಗೊತ್ತು. ಅಂಥವನಿಗೆ ನಾವು ಹೇಳುತ್ತಿರುವುದು ಏನು? "ಮೊದಲು ಆ ಬ್ಲಾಕಿಗೆ ಹೋಗಿ ಬಾ."

ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತದಲ್ಲಿ ಮಾಡುವ ತ್ವರಿತ ಪರೀಕ್ಷೆ ನಮ್ಮ ದೇಶದ ಎಚ್‌ಐವಿ ಕಾರ್ಯಕ್ರಮದಲ್ಲೇ ಇದೆ. ನರ ಹುಡುಕುವ ಗೋಳಿಲ್ಲ. ಅರ್ಧ ಗಂಟೆಯೊಳಗೆ ಸುಳಿವು ಸಿಗುತ್ತದೆ, ರಿಯಾಕ್ಟಿವ್, ಅಂದರೆ ಸೋಂಕು ಇರಬಹುದು ಅಂತ ಬಂದರೆ ಮಾತ್ರ ಖಚಿತ ಮಾಡಿಕೊಳ್ಳಲು ಐಸಿಟಿಸಿಗೆ ಹೋಗಬೇಕು. ಅದನ್ನು ಚಟದ ವಾರ್ಡಿನ ನರ್ಸ್ ಕೈಗೆ ಕೊಡುವುದು ದೊಡ್ಡ ವಿಜ್ಞಾನವೇನಲ್ಲ. ಒಂದು ಆದೇಶ, ಒಂದು ತರಬೇತಿ, ಕಿಟ್ ಇಡಲು ಒಂದು ಜಾಗ ಬೇಕು.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳೋಣ ಅಂತ ಬೆಳಗ್ಗೆ ಎದ್ದು ಹೊರಡುವವರು ತುಂಬಾ ಕಮ್ಮಿ. ಆದರೆ ವಿತ್‌ಡ್ರಾವಲ್ ತಡೆಯಲಾಗದೆ ಸಹಾಯ ಕೇಳಿಕೊಂಡು ಬರುವವರು ಇದ್ದಾರೆ. ಅವರು ಬರುವ ಬಾಗಿಲು ಅದು. ಅದೂ ದಿನಾ ಬರುವ ಬಾಗಿಲು. ಹೇಗೆ ಅಂದರೆ, ನಮ್ಮ ದೇಶದ ಒಎಸ್‌ಟಿ ಕೇಂದ್ರಗಳಲ್ಲಿ, ಅಂದರೆ ಹೆರಾಯಿನ್‌ನಂಥದ್ದಕ್ಕೆ ಬದಲಿಯಾಗಿ ಔಷಧ ಕೊಡುವ ಕಡೆ, ಬುಪ್ರೆನಾರ್ಫಿನ್ ಅನ್ನುವ ಮಾತ್ರೆ ಕೊಡುವ ಕ್ರಮ ನೋಡಿ. ನರ್ಸ್ ಮಾತ್ರೆಯನ್ನು ಪುಡಿ ಮಾಡಿ ನಾಲಿಗೆ ಕೆಳಗೆ ಹಾಕುತ್ತಾರೆ. ನುಂಗುವ ಹಾಗಿಲ್ಲ, ನುಂಗಿದರೆ ಹೆಚ್ಚಿನದು ವ್ಯರ್ಥ. ಬಾಯಿ ಮುಚ್ಚಿಕೊಂಡು, ಮಾತಾಡದೆ, ಎದುರಿಗಿರುವ ಬೆಂಚಿನ ಮೇಲೆ ಕರಗುವ ತನಕ ಕೂರಬೇಕು. ಆಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು. ಬಿಳಿ ಪುಡಿ ಉಳಿದಿಲ್ಲ ಅಂತ ನರ್ಸ್ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಮಾರನೇ ದಿನ ಮತ್ತೆ ಇದೇ. ಹೀಗೆ ತಿಂಗಳಾನುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ.

ಯೋಚನೆ ಮಾಡಿ. ದಿನಾ ಒಂದೇ ಜಾಗಕ್ಕೆ, ಒಂದೇ ನರ್ಸ್ ಮುಂದೆ ಬಂದು ಕೂರುವ ಮನುಷ್ಯನಿಗೆ ಅಲ್ಲೇ ಎಚ್‌ಐವಿ ಪರೀಕ್ಷೆ, ಅಲ್ಲೇ ಎಆರ್‌ಟಿ ಮಾತ್ರೆ, ಅಲ್ಲೇ ಹೆಪಟೈಟಿಸ್ ಬಿ ಲಸಿಕೆ, ಟಿಬಿ ಇದ್ದರೆ ಅದರ ಮಾತ್ರೆಯೂ ಅಲ್ಲೇ ಕೊಡಲು ಆಗುವುದಿಲ್ಲವಾ? ಇದಕ್ಕಿಂತ ಒಳ್ಳೆ ಅವಕಾಶ ಆರೋಗ್ಯ ವ್ಯವಸ್ಥೆಗೆ ಎಲ್ಲಿ ಸಿಗುತ್ತದೆ?

ಬುಪ್ರೆನಾರ್ಫಿನ್ ಮಾಡುವ ಕೆಲಸ ಇಷ್ಟೇ. ಹೆರಾಯಿನ್ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೋ ಅಲ್ಲೇ ಇದೂ ಕೂರುತ್ತದೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ನಶೆ ಏರುವುದಿಲ್ಲ, ವಿತ್‌ಡ್ರಾವಲ್ ಬರುವುದಿಲ್ಲ, ಪರಿಣಾಮ ತುಂಬಾ ಹೊತ್ತು ಇರುತ್ತದೆ. ಮನುಷ್ಯ ಕೆಲಸಕ್ಕೆ ಹೋಗಬಹುದು, ಮಕ್ಕಳನ್ನು ಸ್ಕೂಲಿಗೆ ಬಿಡಬಹುದು. ದಿನಕ್ಕೆ ಮೂರು ನಾಲ್ಕು ಸಲ ಚುಚ್ಚಿಕೊಳ್ಳುತ್ತಿದ್ದವನು ಚುಚ್ಚಿಕೊಳ್ಳುವುದನ್ನೇ ಬಿಟ್ಟರೆ ಸೂಜಿಯಿಂದ ಎಚ್‌ಐವಿ ಬರುವ ದಾರಿಯೇ ಮುಚ್ಚಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2012ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ, ಈ ಬಗೆಯ ಚಿಕಿತ್ಸೆಯಲ್ಲಿ ಇರುವವರಿಗೆ ಎಚ್‌ಐವಿ ತಗಲುವ ಅಪಾಯ ಶೇ 54ರಷ್ಟು ಕಮ್ಮಿ ಅಂತ ಕಂಡಿತು. ಅಂದರೆ ಚಟದ ಔಷಧವೇ ಎಚ್‌ಐವಿ ತಡೆಯುವ ಔಷಧ. ಇವೆರಡನ್ನು ಬೇರೆ ಇಲಾಖೆ ಮಾಡಿದ್ದು ನಾವು.

ಬೇರೆ ಬೇರೆ ಇಟ್ಟರೆ, ಅಥವಾ ಯಾವುದೂ ಇಲ್ಲದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕಥೆ ಓದಬೇಕು. ನಾನು ಈ ವಿಷಯದಲ್ಲಿ ಯಾರ ಜೊತೆ ಮಾತಾಡಿದರೂ ಇದನ್ನೇ ಹೇಳುತ್ತೇನೆ. ಅಲ್ಲಿ ಆಸ್ಟಿನ್ ಅಂತ ಒಂದು ಸಣ್ಣ ಊರು, ಜನಸಂಖ್ಯೆ ಸುಮಾರು 4,200. ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು. ಊರಿಗೆಲ್ಲ ಒಬ್ಬರೇ ಡಾಕ್ಟರು, ವಿಲಿಯಂ ಕುಕ್. ಕೌಂಟಿಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದ ಒಂದು ಕ್ಲಿನಿಕ್ 2013ರಲ್ಲಿ ಮುಚ್ಚಿಹೋಗಿತ್ತು. ಹೊಸ ಸೂಜಿ ಕೊಟ್ಟು ಹಳೆಯದನ್ನು ವಾಪಸ್ ಪಡೆಯುವ ಕಾರ್ಯಕ್ರಮ ಆ ರಾಜ್ಯದಲ್ಲಿ ಕಾನೂನು ಪ್ರಕಾರ ನಡೆಸುವಂತಿರಲಿಲ್ಲ.

ಜನ ಚುಚ್ಚಿಕೊಳ್ಳುತ್ತಿದ್ದದ್ದು ಓಪಾನಾ ಅನ್ನುವ ನೋವಿನ ಮಾತ್ರೆಯನ್ನು. ದುಬಾರಿ ಮಾತ್ರೆ, ಆದ್ದರಿಂದ ಹಂಚಿಕೊಳ್ಳುತ್ತಿದ್ದರು. ಪರಿಣಾಮ ಬೇಗ ಇಳಿಯುತ್ತಿತ್ತು, ಆದ್ದರಿಂದ ದಿನಕ್ಕೆ ಎಷ್ಟೋ ಸಲ ಚುಚ್ಚಿಕೊಳ್ಳುತ್ತಿದ್ದರು. ಒಂದೇ ಮನೆಯ ಅಜ್ಜಿ, ಮಗಳು, ಮೊಮ್ಮಗ ಹೀಗೆ ತಲೆಮಾರುಗಳು ಒಟ್ಟಿಗೆ ಕೂತು. ಅದಕ್ಕೂ ಮೊದಲಿನ ಹತ್ತು ವರ್ಷದಲ್ಲಿ ಇಡೀ ಕೌಂಟಿಯಲ್ಲಿ ಬೆರಳೆಣಿಕೆಯಷ್ಟು ಎಚ್‌ಐವಿ ಪ್ರಕರಣ ಇದ್ದದ್ದು. 2015ರ ಜನವರಿಯಲ್ಲಿ 11 ಕಂಡವು. ಮಾರ್ಚ್ 26ಕ್ಕೆ ಆಗಿನ ಗವರ್ನರ್ ಮೈಕ್ ಪೆನ್ಸ್ ಆರೋಗ್ಯ ತುರ್ತುಸ್ಥಿತಿ ಘೋಷಿಸುವ ಹೊತ್ತಿಗೆ 79. ನವೆಂಬರಿಗೆ 181. ಅವರಲ್ಲಿ ಶೇ 90ಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ ಸಿ ಕೂಡ ಇತ್ತು.

ಹೆಪಟೈಟಿಸ್ ಸಿ ಮೊದಲೇ ಬಂದಿತ್ತು ಅನ್ನುವುದು ಇಲ್ಲಿ ಮುಖ್ಯ. ಅದು ಒಂದು ಊರಿನಲ್ಲಿ ಏರುತ್ತಿದೆ ಅಂದರೆ ಸೂಜಿ ಹಂಚಿಕೆ ನಡೆಯುತ್ತಿದೆ, ಎಚ್‌ಐವಿ ಹಿಂದೆಯೇ ಬರುತ್ತಿದೆ ಅಂತ ಅರ್ಥ. 2018ರಲ್ಲಿ ಯೇಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಸೋಂಕು ತಡೆಯಲು 2015ರಲ್ಲಿ ಮಾಡಿದ್ದನ್ನೇ 2013ರಲ್ಲಿ ಮಾಡಿದ್ದರೆ ಸೋಂಕು 56 ದಾಟುತ್ತಿರಲಿಲ್ಲ. ಹೆಪಟೈಟಿಸ್ ಸಿ ಏರಿದ 2011ರಲ್ಲೇ ಮಾಡಿದ್ದರೆ ಹತ್ತರೊಳಗೆ ನಿಲ್ಲುತ್ತಿತ್ತು. ಈ ಲೆಕ್ಕ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಷ್ಟೂ ಜನರಿಗೆ ಬರಲೇಬೇಕಿತ್ತು ಅಂತೇನಿರಲಿಲ್ಲ.

ಆಮೇಲೆ ಅಲ್ಲಿ ಮಾಡಿದ ಕೆಲಸ ಮಾತ್ರ ಮೆಚ್ಚಬೇಕು. ಒಂದೇ ಜಾಗದಲ್ಲಿ ಎಲ್ಲಾ ಇಟ್ಟರು. ಎಚ್‌ಐವಿ ಪರೀಕ್ಷೆ, ಹೆಪಟೈಟಿಸ್ ಲಸಿಕೆ, ವಿಮೆ ಮಾಡಿಸಿಕೊಡುವವರು, ಚಟದ ಚಿಕಿತ್ಸೆಗೆ ಸೇರಿಸುವವರು. ಜನನ ಪ್ರಮಾಣಪತ್ರ, ಗುರುತಿನ ಚೀಟಿ ಮಾಡಿಕೊಡುವ ಮೇಜು ಕೂಡ ಅಲ್ಲೇ. ಇದು ಸಣ್ಣ ವಿಷಯ ಅಲ್ಲ, ಗುರುತಿನ ಚೀಟಿ ಇಲ್ಲದೆ ವಿಮೆ ಇಲ್ಲ, ವಿಮೆ ಇಲ್ಲದೆ ಔಷಧ ಇಲ್ಲ. ನಮ್ಮಲ್ಲೂ ಆಧಾರ್ ಕಾರ್ಡ್ ಕಳೆದುಕೊಂಡು ಯಾವ ಕೌಂಟರಿನಲ್ಲೂ ನಿಲ್ಲಲಾಗದವರನ್ನು ನಾನು ನೋಡಿದ್ದೇನೆ. ಏಪ್ರಿಲ್‌ನಲ್ಲಿ ಸೂಜಿ ವಿನಿಮಯ ಶುರುವಾಯಿತು. ಕುಕ್ ಅವರ ಸಣ್ಣ ಕ್ಲಿನಿಕ್ಕಿನಲ್ಲಿ ಎಚ್‌ಐವಿ ಚಿಕಿತ್ಸೆಯೂ ಚಟದ ಚಿಕಿತ್ಸೆಯೂ ಒಟ್ಟಿಗೆ ನಡೆಯತೊಡಗಿತು. ಹೊಸ ಸೋಂಕು ಗಣನೀಯವಾಗಿ ಇಳಿಯಿತು.

ಇಳಿದ ಮೇಲೆ ಏನಾಯಿತು ಗೊತ್ತಾ? 2021ರ ಜೂನ್‌ನಲ್ಲಿ ಕೌಂಟಿಯ ಮೂವರು ಕಮಿಷನರ್‌ಗಳು ಕೂತು ಎರಡಕ್ಕೆ ಒಂದು ಮತದಲ್ಲಿ ಸೂಜಿ ವಿನಿಮಯ ನಿಲ್ಲಿಸಲು ತೀರ್ಮಾನ ಮಾಡಿದರು. ಕುಡುಕನಿಗೆ ನಾನು ಬಾಟಲಿ ಕೊಡಿಸುವುದಿಲ್ಲ, ಇವರಿಗೆ ಸೂಜಿ ಯಾಕೆ ಕೊಡಲಿ ಅನ್ನುವ ಧಾಟಿಯ ವಾದ ಅಲ್ಲಿ ಬಂತು.

ಈ ವಾದ ನನಗೆ ಹೊಸದಲ್ಲ. ಇಲ್ಲೂ ಕೇಳಿದ್ದೇನೆ, ತಂದೆತಾಯಿಗಳ ಬಾಯಲ್ಲಿ, ಡಾಕ್ಟರುಗಳ ಬಾಯಲ್ಲೂ. "ಸೂಜಿ ನಾವೇ ಕೊಟ್ಟು ಚಟ ಬೆಳೆಸಬೇಕಾ?" ಕೇಳುವವರ ನೋವು ನನಗೆ ಅರ್ಥ ಆಗುತ್ತದೆ. ಮಗನ ಕೈಗೆ ಸಿರಿಂಜು ಕೊಡುವುದನ್ನು ಯಾವ ತಾಯಿ ತಾನೇ ಸಹಿಸುತ್ತಾಳೆ? ಆದರೆ ಸೂಜಿ ಸಿಗದ್ದಕ್ಕೆ ಚಟ ಬಿಟ್ಟವರನ್ನು ನಾನು ಕಂಡಿಲ್ಲ. ಸೂಜಿ ಸಿಗದ್ದಕ್ಕೆ ಪಕ್ಕದವನ ಸೂಜಿ ಬಳಸಿದವರನ್ನು ಕಂಡಿದ್ದೇನೆ. ಹೊಸ ಸೂಜಿ ತಗೊಳ್ಳಲು ಬರುವವನು ಕನಿಷ್ಠ ಬರುತ್ತಾನಲ್ಲ, ಮುಖ ಪರಿಚಯ ಆಗುತ್ತದೆ, ಕೈಯಲ್ಲಿ ಕೀವು ತುಂಬಿದ ಗಾಯ ಇದ್ದರೆ ಯಾರಾದರೂ ನೋಡಿ ಡ್ರೆಸ್ಸಿಂಗ್ ಮಾಡುತ್ತಾರೆ, ಒಂದು ದಿನ ಅವನೇ "ನನಗೂ ಆ ಮಾತ್ರೆ ಶುರು ಮಾಡ್ತೀರಾ" ಅಂತ ಕೇಳುತ್ತಾನೆ.

ನಮ್ಮ ದೇಶಕ್ಕೆ ಇದು ಅಮೆರಿಕದಿಂದ ಕಲಿಯಬೇಕಾದ ಪಾಠ ಏನಲ್ಲ. ಅವರಿಗಿಂತ ಕಾಲು ಶತಮಾನ ಮೊದಲೇ ಮಣಿಪುರ ಇದನ್ನು ಅನುಭವಿಸಿದೆ. ಅಲ್ಲಿ 1989ರ ಸೆಪ್ಟೆಂಬರ್‌ವರೆಗೆ ಸೂಜಿಯಲ್ಲಿ ಹೆರಾಯಿನ್ ತಗೊಳ್ಳುವವರ ರಕ್ತ ಪರೀಕ್ಷೆಗಳಲ್ಲಿ ಎಚ್‌ಐವಿ ಕಂಡಿರಲಿಲ್ಲ. ಮುಂದಿನ ಆರೇ ತಿಂಗಳಲ್ಲಿ ಪರೀಕ್ಷೆ ಮಾಡಿದವರಲ್ಲಿ ಅರ್ಧದಷ್ಟು ಜನರಿಗೆ ಬಂದಿತ್ತು. ಆರು ತಿಂಗಳು! ಲೈಂಗಿಕ ಸಂಪರ್ಕದಿಂದ ಇಷ್ಟು ವೇಗವಾಗಿ ಹರಡುವುದಿಲ್ಲ, ಸೂಜಿಯಿಂದ ಹರಡುತ್ತದೆ. ಆಮೇಲೆ ಅಲ್ಲಿನ ಗಂಡಸರಿಂದ ಹೆಂಡತಿಯರಿಗೆ ಹೋಯಿತು. ಚುರಾಚಾಂದ್‌ಪುರದಲ್ಲಿ ಶಾಲೋಮ್ ಅನ್ನುವ ಸಂಸ್ಥೆ 1990ರ ದಶಕದಲ್ಲೇ ಸೂಜಿ ವಿನಿಮಯ ಮಾಡಿತ್ತು, ದೇಶದ ಉಳಿದವರಿಗೆ ಅದರ ಹೆಸರೂ ಗೊತ್ತಿಲ್ಲದ ಕಾಲದಲ್ಲಿ. ಇವತ್ತಿಗೂ ದೇಶದಲ್ಲಿ ವಯಸ್ಕರ ಎಚ್‌ಐವಿ ಪ್ರಮಾಣ ಸುಮಾರು ಶೇ 0.2 ಇದ್ದರೆ ಮಿಜೋರಾಂನಲ್ಲಿ ಶೇ 2.7ರ ಆಸುಪಾಸು. 2021ರ ಸರ್ಕಾರಿ ಸಮೀಕ್ಷೆಯಲ್ಲಿ ಸೂಜಿಯಿಂದ ಡ್ರಗ್ಸ್ ತಗೊಳ್ಳುವವರಲ್ಲಿ ಎಚ್‌ಐವಿ ಸುಮಾರು ಶೇ 9. ಸಾಮಾನ್ಯ ಜನರಿಗಿಂತ 40 ಪಟ್ಟಿಗೂ ಜಾಸ್ತಿ.

ದೇಶದಲ್ಲಿ ಸೂಜಿಯಿಂದ ಡ್ರಗ್ಸ್ ತಗೊಳ್ಳುವವರು ಸುಮಾರು 8.5 ಲಕ್ಷ ಅಂತ 2019ರಲ್ಲಿ ಏಮ್ಸ್‌ನವರು ಕೊಟ್ಟ ರಾಷ್ಟ್ರೀಯ ವರದಿ ಹೇಳಿತು. ಪಂಜಾಬು, ಈಶಾನ್ಯದ ರಾಜ್ಯಗಳು, ದಿಲ್ಲಿ ಹೆಸರು ಬಂದ ತಕ್ಷಣ ನಮ್ಮವರು "ಅದೆಲ್ಲಾ ಆ ಕಡೆ" ಅಂದುಬಿಡುತ್ತಾರೆ. ಆಸ್ಟಿನ್‌ನವರೂ ಎಚ್‌ಐವಿ ದೊಡ್ಡ ಪಟ್ಟಣದ ಕಾಯಿಲೆ ಅಂತ ಅಂದುಕೊಂಡಿದ್ದರು.

ಒಂದೇ ಸೂರಿನಡಿ ಎಲ್ಲಾ ಇಟ್ಟರೆ ಸಾಕಾ? ಇಲ್ಲ. ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ದೊಡ್ಡ ಪ್ರಯೋಗ ನಡೆದಿದೆ. ಚೆನ್ನೈನ ವೈಆರ್‌ಜಿ ಕೇರ್ ಸಂಸ್ಥೆ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಸೇರಿ 22 ಊರುಗಳಲ್ಲಿ ಮಾಡಿದ್ದು. ಅರ್ಧ ಊರುಗಳಲ್ಲಿ ಪರೀಕ್ಷೆ, ಸಮಾಲೋಚನೆ ಎಲ್ಲಾ ಒಟ್ಟಿಗಿರುವ ಕೇಂದ್ರ ತೆರೆದರು, ಸೂಜಿ ಬಳಸುವವರಿಗಾಗಿ ತೆರೆದ ಕಡೆ ಸೂಜಿ ವಿನಿಮಯ, ಚಟದ ಔಷಧವೂ ಇತ್ತು, ಉಳಿದ ಅರ್ಧ ಎಂದಿನಂತೆ. 2019ರಲ್ಲಿ ಫಲಿತಾಂಶ ಬಂತು. ಕೇಂದ್ರ ಇದ್ದ ಊರುಗಳಲ್ಲಿ ಇತ್ತೀಚೆಗೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡವರ ಪ್ರಮಾಣ ಶೇ 31ರಷ್ಟು ಹೆಚ್ಚಿತ್ತು, ಆದರೆ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಅದನ್ನು ಗಟ್ಟಿ ಫಲಿತಾಂಶ ಅನ್ನುವ ಹಾಗಿರಲಿಲ್ಲ. ಕೇಂದ್ರಕ್ಕೆ ಕಾಲಿಟ್ಟವರಲ್ಲಿ ಪರೀಕ್ಷೆ ಚೆನ್ನಾಗಿ ಆಗಿತ್ತು.

ಇದನ್ನು ಓದಿ ಕೆಲವರು "ನೋಡಿದ್ರಾ, ಕೆಲಸ ಮಾಡಲ್ಲ" ಅಂದರು. ನಾನು ಹಾಗೆ ಓದುವುದಿಲ್ಲ. ಒಳಗೆ ಬಂದವರಿಗೆ ಕೆಲಸ ಮಾಡಿದೆ, ಒಳಗೆ ಬಾರದವರಿಗೆ ಹೇಗೆ ಮಾಡೀತು? ಬಾಗಿಲು ತೆರೆದು ಕೂತರೆ ಸಾಲದು, ಕರೆದುಕೊಂಡು ಬರುವವರು ಬೇಕು. ಕರ್ನಾಟಕಕ್ಕೆ ಈ ವಿದ್ಯೆ ಚೆನ್ನಾಗಿ ಗೊತ್ತು. ಬೆಳಗಾವಿ, ಬಾಗಲಕೋಟೆ, ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಎಚ್‌ಐವಿ ತಡೆಯುವ ಕೆಲಸ ಮಾಡಿದ್ದು ಅವರಲ್ಲೇ ಒಬ್ಬರಾದ ಪಿಯರ್ ಎಜುಕೇಟರ್‌ಗಳು. ಅದೇ ಊರಿನವಳು, ಅದೇ ಕಷ್ಟ ಕಂಡವಳು ಬಂದು "ಬಾರಕ್ಕ ನಾನೂ ಬರ್ತೀನಿ" ಅಂದರೆ ಹೋಗುತ್ತಿದ್ದರು. ಚಟ ಬಿಟ್ಟು ಔಷಧದ ಮೇಲೆ ನೆಟ್ಟಗಿರುವ ಹುಡುಗರನ್ನು ಇದೇ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಸಂಬಳ ಕೊಟ್ಟು ಅನ್ನುವುದನ್ನು ಒತ್ತಿ ಹೇಳುತ್ತೇನೆ, ಪುಕ್ಕಟೆ ಸೇವೆ ಅಂತ ಅಲ್ಲ.

ಜೊತೆಗೆ ಹೋಗುವ ಒಬ್ಬ ಮನುಷ್ಯ ಎಷ್ಟು ವ್ಯತ್ಯಾಸ ಮಾಡುತ್ತಾನೆ ಅನ್ನುವುದಕ್ಕೆ ಉಕ್ರೇನ್, ಇಂಡೋನೇಷ್ಯಾ, ವಿಯೆಟ್ನಾಂ ಮೂರು ದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಎಚ್‌ಪಿಟಿಎನ್ 074 ಅನ್ನುವ ಅಧ್ಯಯನ ಇದೆ. ಸೂಜಿ ಬಳಸುವ, ಎಚ್‌ಐವಿ ಇರುವ ಜನರಿಗೆ ಒಬ್ಬ ಮಾರ್ಗದರ್ಶಕನನ್ನು ಕೊಟ್ಟರು. ಯಾವ ಕೌಂಟರು, ಯಾವ ಕಾಗದ, ಎಲ್ಲಿ ಅಡಚಣೆ ಅಂತ ನೋಡಿ ಬಿಡಿಸಿಕೊಡುವವನು. ಜೊತೆಗೆ ಸಮಾಲೋಚನೆ. ಇಷ್ಟೇ. ಒಂದು ವರ್ಷದ ಹೊತ್ತಿಗೆ ಈ ಗುಂಪಿನಲ್ಲಿ ಎಆರ್‌ಟಿ ತಗೊಳ್ಳುತ್ತಿದ್ದವರು ಶೇ 72, ಮಾಮೂಲಿ ಗುಂಪಿನಲ್ಲಿ ಶೇ 43. ಚಟದ ಔಷಧದ ಮೇಲಿದ್ದವರು ಶೇ 41, ಮಾಮೂಲಿ ಗುಂಪಿನಲ್ಲಿ ಶೇ 25. ಸಾವು ಅರ್ಧಕ್ಕರ್ಧ ಕಮ್ಮಿ. ಅವರ ಜೊತೆ ಚುಚ್ಚಿಕೊಳ್ಳುವ ಸ್ನೇಹಿತರಲ್ಲಿ ಮಾಮೂಲಿ ಗುಂಪಿನ ಕಡೆ ಏಳು ಹೊಸ ಸೋಂಕು, ಈ ಗುಂಪಿನ ಕಡೆ ಒಂದೂ ಇಲ್ಲ. ಹೊಸ ಔಷಧ ಏನೂ ಕಂಡುಹಿಡಿಯಲಿಲ್ಲ ಇಲ್ಲಿ.

ಒಂದೇ ಕಡೆ ಚಿಕಿತ್ಸೆ ಇರಬೇಕು ಅನ್ನುವುದಕ್ಕೆ ವೈದ್ಯಕೀಯ ಕಾರಣವೂ ಇದೆ. ಎಫಾವಿರೆಂಜ್ ಅನ್ನುವ ಹಳೆಯ ಎಚ್‌ಐವಿ ಮಾತ್ರೆ, ಬುಪ್ರೆನಾರ್ಫಿನ್ ಹಾಗೇ ಚಟಕ್ಕೆ ಕೊಡುವ ಮೆಥಡೋನ್ ಅನ್ನುವ ಔಷಧದ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಮೆಥಡೋನ್, ಬುಪ್ರೆನಾರ್ಫಿನ್ ಎರಡನ್ನೂ ಇಳಿಸುತ್ತದೆ. ಟಿಬಿ ಡಾಕ್ಟರಿಗೆ ಚಟದ ಔಷಧ ಗೊತ್ತಿಲ್ಲ, ಚಟದ ಡಾಕ್ಟರಿಗೆ ಟಿಬಿ ಮಾತ್ರೆ ಗೊತ್ತಿಲ್ಲ, ನಡುವೆ ಆ ಮನುಷ್ಯನಿಗೆ ಇದ್ದಕ್ಕಿದ್ದಂತೆ ವಿತ್‌ಡ್ರಾವಲ್ ಶುರು. ಎಲ್ಲರೂ ಅವನನ್ನೇ ಬೈಯುತ್ತಾರೆ, "ಮತ್ತೆ ಶುರು ಮಾಡ್ಕೊಂಡ". ಅವನು ನಿಜವಾಗಲೂ ಮತ್ತೆ ಶುರು ಮಾಡಿಕೊಳ್ಳುತ್ತಾನೆ, ತಡೆಯಲಾಗದೆ. ಈಗ ಸರ್ಕಾರದ ಎಆರ್‌ಟಿ ಕೇಂದ್ರಗಳಲ್ಲಿ ಕೊಡುವ ಡೊಲುಟೆಗ್ರಾವಿರ್ ಇರುವ ಮಾತ್ರೆಗೆ ಚಟದ ಔಷಧದ ಜೊತೆ ಈ ತಕರಾರು ಇಲ್ಲ, ಅದೊಂದು ಸಮಾಧಾನ.

ಹತ್ತು ಹದಿನೈದು ದಿನ ಒಳಗಿಟ್ಟು, ವಿತ್‌ಡ್ರಾವಲ್ ಕಳೆಸಿ, "ಇನ್ನು ಒಳ್ಳೆಯವನಾಗಿರು" ಅಂತ ಮನೆಗೆ ಕಳಿಸುವ ಪದ್ಧತಿ ಬಗ್ಗೆಯೂ ಒಂದು ಮಾತು. ಓಪಿಯಾಯ್ಡ್ ಚಟಕ್ಕೆ ಇದೊಂದೇ ಚಿಕಿತ್ಸೆ ಆದರೆ ಅಪಾಯ. ದೇಹದ ತಾಳಿಕೆ ಇಳಿದಿರುತ್ತದೆ, ಹೊರಗೆ ಹೋಗಿ ಮೊದಲಿನಷ್ಟೇ ತಗೊಂಡರೆ ಉಸಿರು ನಿಂತು ಸಾಯುತ್ತಾರೆ. ಒಳಗಿದ್ದ ಅಷ್ಟು ದಿನದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಗ್ಗೆ ಒಂದು ಮಾತೂ ಆಡದೆ ಬಿಡುಗಡೆ ಮಾಡುವ ಜಾಗಗಳೂ ಇವೆ. ನನಗೆ ಇದು ತೀರಾ ಬೇಜಾರು.

ಒಟ್ಟಿಗೆ ಸೇರಿಸುವುದು ಅಂದರೆ ಕೇಳದೆ ಪರೀಕ್ಷೆ ಮಾಡುವುದು ಅಂತ ಯಾರೂ ಅರ್ಥ ಮಾಡಿಕೊಳ್ಳಬಾರದು. ಕೆಲವು ಖಾಸಗಿ ಕೇಂದ್ರಗಳಲ್ಲಿ ಸೇರಿಸಿಕೊಳ್ಳುವಾಗಲೇ ರಕ್ತ ತೆಗೆದು, ಫಲಿತಾಂಶವನ್ನು ಅಪ್ಪನಿಗೆ ಮೊದಲು ಹೇಳಿದ್ದನ್ನು ಕೇಳಿದ್ದೇನೆ. ಇದು ತಪ್ಪು, ಕಾನೂನಿಗೂ ವಿರುದ್ಧ. 2017ರಲ್ಲಿ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಇಲ್ಲ, ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವ ಹಾಗಿಲ್ಲ. ಇದೇ ಕಾಯ್ದೆಯ 22ನೇ ಸೆಕ್ಷನ್ನು ಇನ್ನೂ ಒಂದು ಮಾತು ಹೇಳುತ್ತದೆ. ಎಚ್‌ಐವಿ ತಡೆಯುವ ಕಾರ್ಯಕ್ರಮದಡಿ ಶುದ್ಧ ಸೂಜಿ ಕೊಡುವುದು, ಒಎಸ್‌ಟಿ ಕೊಡುವುದು ಅಪರಾಧ ಅಲ್ಲ, ಕೊಡುವವರಿಗೂ ಪಡೆಯುವವರಿಗೂ ರಕ್ಷಣೆ ಇದೆ. ಕಾಯ್ದೆಯಲ್ಲೇ ಉದಾಹರಣೆ ಕೊಟ್ಟು ವಿವರಿಸಿದ್ದಾರೆ. ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯಲ್ಲೂ 64ಎ ಅನ್ನುವ ಸೆಕ್ಷನ್ ಇದೆ. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಒಪ್ಪಿದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಇವು ಪೊಲೀಸ್ ಠಾಣೆಗಳಿಗೆ, ಮೆಡಿಕಲ್ ಶಾಪಿನವರಿಗೆ ತಿಳಿದಿರಬೇಕಾದ ವಿಷಯ. ಸಿರಿಂಜು ಕೇಳಲು ಬಂದ ಹುಡುಗನನ್ನು ಅಂಗಡಿಯವರು ಗದರಿಸಿ ಕಳಿಸಿದರೆ ಅವನು ಸುಮ್ನೆ ಮನೆಗೆ ಹೋಗುತ್ತಾನಾ?

ಪ್ರೆಪ್ ಬಗ್ಗೆ ಕೇಳುವವರಿದ್ದಾರೆ. ಎಚ್‌ಐವಿ ಇಲ್ಲದವರು ಬಾರದಿರಲಿ ಅಂತ ದಿನಾ ತಗೊಳ್ಳುವ ಮಾತ್ರೆ ಅದು. ಸೂಜಿ ಬಳಸುವವರಲ್ಲೇ ಬ್ಯಾಂಕಾಕ್‌ನಲ್ಲಿ ಪರೀಕ್ಷಿಸಿದ್ದರು, ಚಟದ ಚಿಕಿತ್ಸೆ ಕೊಡುವ ಕ್ಲಿನಿಕ್ಕುಗಳಲ್ಲೇ. 2013ರಲ್ಲಿ ಬಂದ ಫಲಿತಾಂಶದಲ್ಲಿ ಹೊಸ ಸೋಂಕು ಶೇ 49ರಷ್ಟು ಕಮ್ಮಿ. ಒಳ್ಳೆಯ ಅಸ್ತ್ರ, ಆದರೆ ಸೂಜಿಯೂ ಬುಪ್ರೆನಾರ್ಫಿನ್ನೂ ಕೊಡದೆ ಬರೀ ಪ್ರೆಪ್ ಕೊಟ್ಟು ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಇದನ್ನು ಓದುತ್ತಿರುವವರಲ್ಲಿ ಮನೆಯಲ್ಲಿ ಇಂಥ ಕಷ್ಟ ಇರುವವರು ಇರಬಹುದು. ನಿಮಗಾಗಿ ಕೆಲವು ವಿಷಯ ಬರೆಯುತ್ತೇನೆ. ಮಗನನ್ನೋ ತಮ್ಮನನ್ನೋ ಚಟ ಬಿಡಿಸಲು ಕರೆದುಕೊಂಡು ಹೋದಾಗ ಡಾಕ್ಟರನ್ನು ನೇರವಾಗಿ ಕೇಳಿ: ಬುಪ್ರೆನಾರ್ಫಿನ್ ಕೊಡುತ್ತೀರಾ, ಎಷ್ಟು ಕಾಲ ಕೊಡುತ್ತೀರಾ? ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಇಲ್ಲೇ ಆಗುತ್ತದಾ? ಅವನ ಒಪ್ಪಿಗೆ ಕೇಳಲು ಹೇಳಿ, ಅವನ ಜೊತೆ ಡಾಕ್ಟರು ಒಬ್ಬರೇ ಮಾತಾಡಲು ಜಾಗ ಬಿಡಿ. ಹೆಪಟೈಟಿಸ್ ಬಿ ನೆಗೆಟಿವ್ ಇದ್ದರೆ ಲಸಿಕೆ ಹಾಕಿಸಿ, ಮೂರು ಡೋಸು, ಆರು ತಿಂಗಳಲ್ಲಿ ಮುಗಿಯುತ್ತದೆ. ಹೆಪಟೈಟಿಸ್ ಸಿ ಬಂದಿದ್ದರೂ ಹೆದರಬೇಡಿ, ಹೆಚ್ಚಿನವರಿಗೆ ಹನ್ನೆರಡು ವಾರದ ಮಾತ್ರೆಯಲ್ಲಿ ಪೂರ್ತಿ ವಾಸಿ, 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಎಚ್‌ಐವಿ ಮಾತ್ರೆಯೂ ಉಚಿತ, ಬೇಗ ಶುರು ಮಾಡಿದವರು ಎಲ್ಲರ ಹಾಗೇ ಬಾಳುತ್ತಾರೆ. ಬೇರೆಯವರ ಸೂಜಿ ಚುಚ್ಚಿಕೊಂಡದ್ದು ನಿನ್ನೆ ಮೊನ್ನೆಯಷ್ಟೇ ಆಗಿದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ ಪೆಪ್ ಕೇಳಿ, ಎಚ್‌ಐವಿ ತಗಲದಂತೆ ತಡೆಯಲು ಕೊಡುವ 28 ದಿನದ ಮಾತ್ರೆ, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಹೆಂಡತಿ ಇದ್ದರೆ ಅವರ ಪರೀಕ್ಷೆಯ ವಿಷಯವನ್ನೂ ಅವನ ಜೊತೆ ಮಾತಾಡಿ, ಮುಂದೂಡಬೇಡಿ.

ಎಚ್‌ಐವಿ ಬಗ್ಗೆ ಕೇಳಲು 1097, ಚಟದ ಬಗ್ಗೆ ಕೇಳಲು 14446, ಎರಡೂ ಉಚಿತ ಕರೆ. ಎರಡು ವಿಷಯಕ್ಕೆ ಎರಡು ನಂಬರು, ಸದ್ಯಕ್ಕೆ ಹಾಗಿದೆ. ಯಾವುದಕ್ಕೆ ಮಾಡಿದರೂ ಇನ್ನೊಂದರ ಬಗ್ಗೆಯೂ ಕೇಳಿ, ಬಿಡಬೇಡಿ. ಚೀಟಿ ಕೊಟ್ಟು ಬೇರೆ ಕಡೆ ಹೋಗಿ ಅಂದರೆ, "ಯಾರಾದ್ರೂ ಜೊತೆಗೆ ಬರ್ತೀರಾ?" ಅಂತ ಕೇಳಿ. ಯಾರೂ ಬರದಿದ್ದರೆ ನೀವೇ ಅವನ ಜೊತೆ ಹೋಗಿ, ಆದರೆ ಅದಕ್ಕೂ ಮೊದಲು ಅವನ ವಿತ್‌ಡ್ರಾವಲ್‌ಗೆ ಔಷಧ ಕೊಡಿಸಿ.